ಧ್ಯಾನವೂ ದೇಹಾರೋಗ್ಯವೂ: ಒಂದು ಚಾರಿತ್ರಿಕ ಸಮೀಕ್ಷೆ

ಬಳ್ಳಾರಿಯ ಕೌಲ್ ಬಜಾರ್ ಮೊದಲ್ಗೊಂಡು ಕುರುಗೋಡು, ಸಿರುಗುಪ್ಪಗಳವರೆಗಿನ ನಮ್ಮ ಸೀಮೆಯಲ್ಲಿ ಬೆಳಗಿನ ಲಿಂಗಪೂಜೆ ಶ್ರದ್ಧಾವಂತರ ಮನೆಮನೆಯ ನಿತ್ಯಕರ್ಮ. ಮಿಂದು ಮಡಿಯುಟ್ಟು, ಭಸ್ಮವನ್ನು ಧರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಬಿಜಯಂಗೈಸಿಕೊಂಡು, ಅದರಲ್ಲಿಯೇ ದೃಷ್ಟಿಯನ್ನು ನೆಟ್ಟು ಪಂಚಾಕ್ಷರಿಯನ್ನು ಜಪಿಸುವ ಈ ಕ್ರಮವನ್ನು ನಮ್ಮ ಹಿರಿಯರು ಎಂದೂ ಔಷಧೋಪಚಾರವೆಂದು ಕರೆದವರಲ್ಲ. ಆದರೆ ಈಚಿನ ವರ್ಷಗಳಲ್ಲಿ ಪುರಾಣ ಪ್ರವಚನಗಳ ವೇದಿಕೆಯಿಂದ ಒಂದು ಹೊಸ ಮಾತು ಕೇಳಿಬರುತ್ತಿದೆ. ಧ್ಯಾನದಿಂದ ರಕ್ತದೊತ್ತಡ ಇಳಿಯುವುದೆಂದೂ ಮಧುಮೇಹ ಮಾಯುವುದೆಂದೂ ಚಿಂತೆ ಖಿನ್ನತೆಗಳು ಅಳಿಯುವುವೆಂದೂ ವಿಜ್ಞಾನಿಗಳೇ ಸಿದ್ಧಮಾಡಿ ತೋರಿಸಿದ್ದಾರೆ ಎಂಬುದೇ ಆ ಮಾತು. ಹೇಳುವವರ ಉದ್ದೇಶ ಒಳ್ಳೆಯದೇ. ತರುಣರು ಲಿಂಗಪೂಜೆಯಿಂದ ವಿಮುಖರಾಗುತ್ತಿರುವಾಗ ವಿಜ್ಞಾನದ ಹೆಸರು ಹೇಳಿಯಾದರೂ ಅವರನ್ನು ಕರೆತರಬೇಕೆಂಬ ಕಳಕಳಿ ಅದರ ಹಿಂದೆ ಇದೆ. ಆದರೆ ಈ ಮಾತನ್ನು ಅಕ್ಷರಶಃ ನಂಬಿದ ಭಕ್ತನೊಬ್ಬನು ವೈದ್ಯರು ಕೊಟ್ಟ ಗುಳಿಗೆಯನ್ನು ಕೈಬಿಟ್ಟರೆ ಆಗುವ ಅನಾಹುತಕ್ಕೆ ಹೊಣೆ ಯಾರು? ವಿಜ್ಞಾನವು ನಿಜವಾಗಿಯೂ ಹೇಳಿರುವುದು ಏನು, ಅದನ್ನು ಹೇಳುವ ಸ್ಥಿತಿಗೆ ಅದು ಬಂದ ಬಗೆ ಯಾವುದು, ಎಂಬುದನ್ನು ಚರಿತ್ರೆಯ ಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಪರಂಪರೆಯಲ್ಲಿ ದೇಹದ ಸ್ಥಾನ

ವಿಜ್ಞಾನದ ಮಾತಿಗೆ ಬರುವ ಮುನ್ನ ನಮ್ಮವರ ನಿಲುವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಶರಣರು ದೇಹವನ್ನು ತುಚ್ಛೀಕರಿಸಿದವರಲ್ಲ. ಲಿಂಗವನ್ನು ಧರಿಸುವ ಅಂಗವೆಂಬ ಕಾರಣದಿಂದ ಅದಕ್ಕೆ ಪಾವಿತ್ರ್ಯವನ್ನು ಕೊಟ್ಟವರು. ಕಾಯಕವಂತೂ ದೇಹದ ದೃಢತೆಯಿಲ್ಲದೆ ನಡೆಯುವಂತಹುದಲ್ಲ. ಆದರೆ ದೇಹವನ್ನು ಬಲಪಡಿಸುವುದೇ ಯೋಗದ ಗುರಿಯೆಂಬ ಭಾವನೆಯನ್ನು ಅವರು ಒಪ್ಪಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿ, ತರುವಾಯ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಮುಂತಾದವರ ಕೈಯಲ್ಲಿ ಬೆಳೆದ ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷ-ಅಲ್ಲಮರ ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನ. ಕಾಯಸಿದ್ಧಿಯಿಂದ ವಜ್ರದೇಹಿಯಾದ ಗೋರಕ್ಷನನ್ನು ಖಡ್ಗದಿಂದ ಹೊಡೆದಾಗ ಅದು ಖಣಿಲೆಂದು ಸದ್ದು ಮಾಡಿತಲ್ಲದೆ ಅವನಿಗೆ ಏನೂ ಆಗಲಿಲ್ಲ. ಅದೇ ಖಡ್ಗವನ್ನು ಗೋರಕ್ಷನು ಪ್ರಭುದೇವರ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಹಾದುಹೋದಂತೆ ನಿಶ್ಶಬ್ದವಾಗಿ ಹಾದುಹೋಯಿತು. ದೇಹದ ಗಟ್ಟಿತನವೇ ಸಿದ್ಧಿಯೆಂದು ಬಗೆದಿದ್ದ ಗೋರಕ್ಷನ ಅಹಂಕಾರ ಅಲ್ಲಿ ಅಳಿಯಿತು. ಶಿವಯೋಗದ ಫಲವನ್ನು ದೇಹದ ಲಾಭದಿಂದ ಅಳೆಯಲಾಗದು ಎಂಬುದು ಈ ಕಥೆಯ ತಾತ್ಪರ್ಯ.

ಹಾಗೆಂದ ಮಾತ್ರಕ್ಕೆ ನಮ್ಮ ಪರಂಪರೆಯು ರೋಗಕ್ಕೆ ಔಷಧವನ್ನು ಬೇಡವೆಂದಿತೇ? ಇಲ್ಲ. ಆಂಧ್ರ ದೇಶದ ಶಿವಭಕ್ತ ವೈದ್ಯನಾದ ಬಸವರಾಜನು ರಚಿಸಿದ ‘ಬಸವರಾಜೀಯ’ವು ನಾಡೀಪರೀಕ್ಷೆಯನ್ನೂ ರಸೌಷಧಗಳನ್ನೂ ವಿವರಿಸುವ ಗ್ರಂಥವೆಂದು ಆಯುರ್ವೇದದ ಅಭ್ಯಾಸಿಗಳಿಗೆಲ್ಲ ಪರಿಚಿತ. ಶಿವನಿಷ್ಠೆಯಿದ್ದ ಆತನು ಜ್ವರಕ್ಕೆ ಮದ್ದನ್ನೇ ಬರೆದನು. ಪೂಜೆಯ ಸ್ಥಾನ ಬೇರೆ, ಚಿಕಿತ್ಸೆಯ ಸ್ಥಾನ ಬೇರೆ ಎಂಬ ವಿವೇಕವು ನಮ್ಮಲ್ಲಿ ಹಿಂದಿನಿಂದಲೂ ಇದ್ದಿತೆಂಬುದನ್ನು ಇದರಿಂದ ತಿಳಿಯಬಹುದು. ಈ ವಿವೇಕವನ್ನು ಮನಸ್ಸಿನಲ್ಲಿಟ್ಟುಕೊಂಡು ಆಧುನಿಕ ಸಂಶೋಧನೆಯ ಚರಿತ್ರೆಯನ್ನು ನೋಡೋಣ.

ಯೋಗಿಯ ನಾಡಿಯನ್ನು ಹಿಡಿದವರು

ಯೋಗವನ್ನು ಪ್ರಯೋಗಶಾಲೆಗೆ ತಂದ ಕೀರ್ತಿ ಮೊದಲಿಗೆ ಸಲ್ಲಬೇಕಾದುದು ಸ್ವಾಮಿ ಕುವಲಯಾನಂದರಿಗೆ. ಅವರು ೧೯೨೪ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗಮೀಮಾಂಸಾ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಉಡ್ಡಿಯಾನ, ನೌಲಿ ಮೊದಲಾದ ಕ್ರಿಯೆಗಳಲ್ಲಿ ಉದರದೊಳಗೆ ನಡೆಯುವ ಒತ್ತಡದ ಬದಲಾವಣೆಗಳನ್ನು ಎಕ್ಸ್-ರೇ ಮತ್ತು ಒತ್ತಡಮಾಪಕಗಳ ಸಹಾಯದಿಂದ ಅವರು ಅಳೆದರು. ಗುರುಮುಖದಿಂದ ಬಂದುದನ್ನು ಉಪಕರಣದಿಂದ ಪರೀಕ್ಷಿಸುವುದು ಗುರುದ್ರೋಹವಲ್ಲ ಎಂಬ ಧೈರ್ಯವನ್ನು ಅವರು ತೋರಿದರು.

ಕನ್ನಡನಾಡಿಗೂ ಈ ಚರಿತ್ರೆಯ ಆರಂಭದಲ್ಲಿ ಒಂದು ಸ್ಥಾನವುಂಟು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ೧೮೮೮ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದರು. ಆ ಕಾಲದಲ್ಲಿ, ೧೯೩೫ರಲ್ಲಿ, ತೆರೇಸ್ ಬ್ರೊಸ್ ಎಂಬ ಫ್ರಾನ್ಸಿನ ಹೃದ್ರೋಗ ತಜ್ಞೆ ಹೃದಯದ ವಿದ್ಯುತ್ತನ್ನು ದಾಖಲಿಸುವ ಯಂತ್ರದೊಡನೆ ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಕೃಷ್ಣಮಾಚಾರ್ಯರು ನಾಡಿಯನ್ನು ನಿಲ್ಲಿಸಿ ತೋರಿಸಿದರೆಂದು ಅವರ ಜೀವನಚರಿತ್ರೆಗಳಲ್ಲಿ ಹೇಳಿದೆ. ಯೋಗಿಯು ಇಚ್ಛಾಮಾತ್ರದಿಂದ ಹೃದಯವನ್ನು ನಿಲ್ಲಿಸಬಲ್ಲನೆಂಬ ವಾರ್ತೆ ಯೂರೋಪಿನಲ್ಲೆಲ್ಲ ಹರಡಿತು.

ಈ ವಾರ್ತೆಯ ಸತ್ಯಾಸತ್ಯತೆಯನ್ನು ಅಳೆಯಲು ೧೯೫೭ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಎಂಬ ಇಬ್ಬರು ವಿದ್ವಾಂಸರು ಬಂದರು. ದೇಹದ ಹಲವು ಕ್ರಿಯೆಗಳನ್ನು ಏಕಕಾಲದಲ್ಲಿ ದಾಖಲಿಸುವ ಯಂತ್ರವನ್ನು ಹೊತ್ತು ಅವರು ದೇಶದ ನಾನಾ ಕಡೆ ಸಂಚರಿಸಿದರು. ಹೃದಯವನ್ನು ಹತೋಟಿಯಲ್ಲಿಡಬಲ್ಲೆವೆಂದ ನಾಲ್ವರನ್ನು ಅವರು ಪರೀಕ್ಷಿಸಿ, ದೆಹಲಿಯ ಬಿ. ಕೆ. ಆನಂದರೊಡಗೂಡಿ ೧೯೬೧ರಲ್ಲಿ ಪ್ರಕಟಿಸಿದ ಫಲಿತಾಂಶವು ಅತ್ಯಂತ ಬೋಧಪ್ರದವಾಗಿದೆ. ಉಸಿರನ್ನು ತುಂಬಿ ಬಿಗಿಹಿಡಿದು ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಗೊಳಿಸಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಮೆಯಾಗುತ್ತದೆ. ಅದರಿಂದಾಗಿ ಮಣಿಕಟ್ಟಿನಲ್ಲಿ ನಾಡಿ ಸಿಗದಂತಾಗುತ್ತದೆ, ಹೃದಯದ ಸದ್ದೂ ಕಿವಿಗೆ ಕೇಳಿಸದು. ಆದರೆ ವಿದ್ಯುತ್ ದಾಖಲೆಯಲ್ಲಿ ಹೃದಯವು ಬಡಿಯುತ್ತಲೇ ಇರುತ್ತದೆ. ನಿಂತದ್ದು ಬೆರಳಿಗೆ ಸಿಗುವ ನಾಡಿ, ಹೃದಯವಲ್ಲ. ಯೋಗಿಗಳು ವಂಚಕರೆಂದು ಈ ವಿದ್ವಾಂಸರು ಹೇಳಲಿಲ್ಲ. ಅವರ ದೇಹಸಂಯಮವು ನಿಜವೆಂದೇ ಒಪ್ಪಿದರು. ಅಷ್ಟೇ ಅಲ್ಲ, ಧ್ಯಾನಸ್ಥಿತಿಯು ನಿದ್ರೆಯಾಗಲಿ ಮಂಪರಾಗಲಿ ಅಲ್ಲದ, ಎಚ್ಚರದಿಂದ ಕೂಡಿದ ಆಳವಾದ ವಿಶ್ರಾಂತಿಯೆಂದು ಬರೆದರು. ಪವಾಡವು ಹೋಯಿತು, ಸತ್ಯವು ಉಳಿಯಿತು.

ಅದೇ ೧೯೬೧ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಆನಂದ್, ಛಿನಾ ಮತ್ತು ಬಲದೇವ ಸಿಂಗರು ಧ್ಯಾನನಿರತರಾದ ನಾಲ್ವರು ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿದರು. ಶಾಂತವಾಗಿ ಕಣ್ಮುಚ್ಚಿ ಕುಳಿತ ಮನುಷ್ಯನಲ್ಲಿ ‘ಆಲ್ಫಾ’ ಎಂಬ ತರಂಗ ಕಾಣುತ್ತದೆ. ಬೆಳಕು ಬಿದ್ದರೆ, ಸದ್ದಾದರೆ ಅದು ಒಡೆಯುತ್ತದೆ. ಧ್ಯಾನದಲ್ಲಿದ್ದ ಯೋಗಿಗಳಲ್ಲಿ ಪ್ರಖರವಾದ ಬೆಳಕು, ಸಿಡಿಲಿನಂತಹ ಸದ್ದು, ಬಿಸಿಯಾದ ಗಾಜಿನ ನಳಿಕೆಯ ಸ್ಪರ್ಶ ಇವು ಯಾವುವೂ ಆ ತರಂಗವನ್ನು ಒಡೆಯಲಿಲ್ಲ. ಮಂಜಿನ ನೀರಿನಲ್ಲಿ ಕೈಯನ್ನು ಮುಕ್ಕಾಲು ಗಂಟೆಗೂ ಮೀರಿ ಇಟ್ಟುಕೊಂಡ ಇಬ್ಬರಲ್ಲಿಯೂ ಅದು ಅಖಂಡವಾಗಿತ್ತು. ಐದು ವರ್ಷಗಳ ತರುವಾಯ ಜಪಾನಿನ ಕಾಸಾಮಾತ್ಸು ಮತ್ತು ಹಿರಾಯಿ ಜೆನ್ ಸಾಧಕರಲ್ಲಿ ಇದಕ್ಕಿಂತ ಭಿನ್ನವಾದುದನ್ನು ಕಂಡರು. ಅಲ್ಲಿ ಪ್ರತಿಯೊಂದು ಸದ್ದಿಗೂ ತರಂಗವು ಒಡೆಯಿತು. ಆದರೆ ಸಾಮಾನ್ಯರಿಗೆ ಆಗುವಂತೆ ಕೇಳಿ ಕೇಳಿ ಅಭ್ಯಾಸವಾಗಿ ಮಂಕಾಗಲಿಲ್ಲ. ಇಂದ್ರಿಯಗಳನ್ನು ಒಳಕ್ಕೆ ಸೆಳೆದುಕೊಳ್ಳುವ ಧ್ಯಾನ ಒಂದು, ಬಂದುದನ್ನೆಲ್ಲ ಹೊಸದಾಗಿ ಕಾಣುವ ಎಚ್ಚರ ಇನ್ನೊಂದು. ಧ್ಯಾನವೆಂಬ ಒಂದೇ ಹೆಸರಿನಡಿ ಹಲವು ಸಾಧನೆಗಳಿವೆಯೆಂಬ ಅರಿವು ವಿಜ್ಞಾನಕ್ಕೆ ಬಂದುದು ಹೀಗೆ. ಈ ಪ್ರಯೋಗಗಳಲ್ಲಿ ಪರೀಕ್ಷಿತರಾದವರ ಸಂಖ್ಯೆ ಅತ್ಯಲ್ಪವೆಂಬುದನ್ನೂ ಮರೆಯಬಾರದು.

ತುಲನೆಯೆಂಬ ಒರೆಗಲ್ಲು

ಯೋಗಿಗಳ ಅದ್ಭುತಗಳಿಂದ ಸಾಮಾನ್ಯರ ಆರೋಗ್ಯದ ಕಡೆಗೆ ಸಂಶೋಧನೆಯು ಹೊರಳಿದ್ದು ೧೯೭೦ರ ಸುಮಾರಿಗೆ. ಮಹರ್ಷಿ ಮಹೇಶ ಯೋಗಿಗಳ ಭಾವಾತೀತ ಧ್ಯಾನವನ್ನು ಅಭ್ಯಾಸಮಾಡುತ್ತಿದ್ದ ೩೬ ಜನರನ್ನು ವ್ಯಾಲೇಸ್, ಬೆನ್ಸನ್ ಮತ್ತು ವಿಲ್ಸನ್ ಪರೀಕ್ಷಿಸಿ, ಧ್ಯಾನಕಾಲದಲ್ಲಿ ದೇಹವು ಬಳಸುವ ಆಮ್ಲಜನಕವು ಶೇಕಡ ೧೭ರಷ್ಟು ತಗ್ಗುವುದೆಂದು ೧೯೭೧ರಲ್ಲಿ ವರದಿಮಾಡಿದರು. ಬೆನ್ಸನ್ನರು ೧೯೭೫ರಲ್ಲಿ ಬರೆದ ಪುಸ್ತಕದಲ್ಲಿ, ಯಾವುದೇ ಮತದ ಜಪಧ್ಯಾನಗಳಿಂದಲೂ ದೇಹವು ಇಂತಹ ವಿಶ್ರಾಂತಿಯನ್ನು ಪಡೆಯಬಲ್ಲುದೆಂದು ವಾದಿಸಿದರು.

ಆದರೆ ೧೯೭೬ರಲ್ಲಿ ಮೈಕೇಲ್ಸ್ ಮತ್ತು ಅವರ ಸಂಗಡಿಗರು ಒಂದು ಸರಳವಾದ ಪ್ರಶ್ನೆಯನ್ನು ಎತ್ತಿದರು: ಧ್ಯಾನಮಾಡುವವನೊಡನೆ, ಧ್ಯಾನವರಿಯದ ಇನ್ನೊಬ್ಬನು ಅಷ್ಟೇ ಹೊತ್ತು ಸುಮ್ಮನೆ ಕುಳಿತು ವಿಶ್ರಮಿಸಿದರೆ ಏನಾಗುತ್ತದೆ? ಉದ್ವೇಗಕಾಲದಲ್ಲಿ ರಕ್ತದಲ್ಲಿ ಹೆಚ್ಚುವ ಅಡ್ರಿನಲಿನ್ ಮೊದಲಾದ ದ್ರವ್ಯಗಳನ್ನು ಇಬ್ಬರಲ್ಲಿಯೂ ಅಳೆದು ನೋಡಿದಾಗ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಇಲ್ಲಿಂದ ಮುಂದೆ ಧ್ಯಾನದ ಸಂಶೋಧನೆಯಲ್ಲಿ ‘ತುಲನಾವರ್ಗ’ವಿಲ್ಲದ ಮಾತಿಗೆ ಬೆಲೆಯಿಲ್ಲವಾಯಿತು.

ತುಲನಾವರ್ಗವೆಂದರೇನೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೂ ತಿಳಿದಿರುವುದು ಒಳ್ಳೆಯದು. ಅನೇಕ ಕಾಯಿಲೆಗಳು ಉಲ್ಬಣಿಸಿ ತಾವಾಗಿಯೇ ತಗ್ಗುವ ಸ್ವಭಾವದವು. ಉಬ್ಬಸವು ಅತಿಯಾದಾಗ ಮನುಷ್ಯನು ಹೊಸ ಉಪಾಯವನ್ನು ಹುಡುಕುತ್ತಾನೆ. ಮುಂದಿನ ತಿಂಗಳು ಉಬ್ಬಸವು ಇಳಿದರೆ ಆ ಉಪಾಯದಿಂದಲೇ ಇಳಿಯಿತೆಂದು ನಂಬುತ್ತಾನೆ. ನಂಬಿಕೆಯಿಂದಲೂ, ಆರೈಕೆಮಾಡುವವರ ಅಕ್ಕರೆಯಿಂದಲೂ ಕೆಲಮಟ್ಟಿನ ಉಪಶಮನ ಆಗುತ್ತದೆ. ಆದುದರಿಂದ ಒಂದೇ ತೆರನಾದ ರೋಗಿಗಳ ಎರಡು ವರ್ಗಗಳನ್ನು ಮಾಡಿ, ಒಂದಕ್ಕೆ ಮಾತ್ರ ಧ್ಯಾನವನ್ನು ಕಲಿಸಿ, ಎರಡರ ಫಲವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಎರಡನೆಯ ವರ್ಗವು ಮೊದಲನೆಯದಕ್ಕೆ ಒರೆಗಲ್ಲು.

ಬೌದ್ಧರ ಸ್ಮೃತಿಸಾಧನೆಯನ್ನು ಮತದ ಆವರಣದಿಂದ ಬಿಡಿಸಿ ಎಂಟು ವಾರಗಳ ಶಿಕ್ಷಣವಾಗಿ ರೂಪಿಸಿದವರು ಅಮೆರಿಕದ ಜಾನ್ ಕಬತ್-ಜಿನ್. ೧೯೭೯ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಅವರು ಅದನ್ನು ಆರಂಭಿಸಿದರು. ಔಷಧಗಳಿಂದ ಗುಣಕಾಣದ ದೀರ್ಘಕಾಲದ ನೋವಿನವರು ಅವರ ಮೊದಲ ಶಿಷ್ಯರು. ಇಂದು ‘ಮೈಂಡ್‌ಫುಲ್‌ನೆಸ್’ ಎಂದು ಎಲ್ಲೆಡೆ ಕೇಳಿಬರುವುದು ಇದೇ.

ಬೆಂಗಳೂರಿನ ಪ್ರಯೋಗಶಾಲೆಗಳು

ಹೊರನಾಡಿನ ಈ ಬೆಳವಣಿಗೆಗೆ ಸಮಾಂತರವಾಗಿ ನಮ್ಮ ನಾಡಿನಲ್ಲಿಯೇ ನಡೆದ ಕೆಲಸವು ನಮ್ಮವರಿಗೆ ಅಷ್ಟಾಗಿ ತಿಳಿಯದು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಸರಕಾರಿ ಮಾನಸಿಕ ಆಸ್ಪತ್ರೆಯೊಡನೆ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಎಂದು ಹೆಸರಾಯಿತು. ಇಲ್ಲಿಯ ನರಶರೀರಕ್ರಿಯಾ ವಿಭಾಗದಲ್ಲಿ ಪ್ರೊಫೆಸರ್ ಟಿ. ದೇಸಿರಾಜು ಅವರು ಯೋಗ ಪ್ರಾಣಾಯಾಮಗಳ ಅಧ್ಯಯನವನ್ನು ಕೈಗೊಂಡರು. ಅವರೂ ಶರ್ಲಿ ಟೆಲ್ಲಸ್ ಅವರೂ ೧೯೯೧ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಗಮನಾರ್ಹವಾದುದು. ಬಹುಕಾಲ ಪ್ರಾಣಾಯಾಮವನ್ನು ಅಭ್ಯಾಸಮಾಡಿದ ಹತ್ತು ಮಂದಿಯಲ್ಲಿ, ಅಲ್ಪಕಾಲದ ಕುಂಭಕವಿರುವ ನಿಧಾನವಾದ ಉಸಿರಾಟದಿಂದ ಆಮ್ಲಜನಕದ ಬಳಕೆಯು ಶೇಕಡ ೫೨ರಷ್ಟು ಏರಿತು. ದೀರ್ಘಕುಂಭಕದಿಂದ ಅದು ಶೇಕಡ ೧೯ರಷ್ಟು ಇಳಿಯಿತು. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಕ್ರಿಯೆಯು ಕುಂಭಕದ ಪ್ರಮಾಣ ಬದಲಾದೊಡನೆ ದೇಹದಲ್ಲಿ ವಿರುದ್ಧವಾದ ಪರಿಣಾಮಗಳನ್ನು ಉಂಟುಮಾಡಿತು. ಗುರುವಿಲ್ಲದೆ ಪ್ರಾಣಾಯಾಮವನ್ನು ಮಾಡಬಾರದೆಂಬ ಹಿರಿಯರ ಕಟ್ಟಳೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೇ?

ಇದೇ ವಿದ್ವಾಂಸರು ೧೯೯೩ರಲ್ಲಿ ಬ್ರಹ್ಮಕುಮಾರಿ ಪಂಥದ ರಾಜಯೋಗಧ್ಯಾನವನ್ನು ಐದರಿಂದ ಇಪ್ಪತ್ತೈದು ವರ್ಷಗಳವರೆಗೆ ಅಭ್ಯಾಸಮಾಡಿದ್ದ ೧೮ ಪುರುಷರನ್ನು ಪರೀಕ್ಷಿಸಿ ವರದಿಮಾಡಿದರು. ಧ್ಯಾನಕಾಲದಲ್ಲಿ ಹೃದಯದ ಬಡಿತವು ತಗ್ಗುವುದೆಂದು ಎಲ್ಲರೂ ನಿರೀಕ್ಷಿಸುವರು. ಇಲ್ಲಿ ಅದು ಏರಿತು! ಉಸಿರಾಟದ ವೇಗದಲ್ಲಾಗಲಿ ಅಂಗೈ ಚರ್ಮದ ವಿದ್ಯುತ್‌ಗುಣದಲ್ಲಾಗಲಿ ಇಡೀ ವರ್ಗಕ್ಕೆ ಸಮಾನವಾದ ಬದಲಾವಣೆ ಕಾಣಲಿಲ್ಲ. ಧ್ಯಾನವೆಂದರೆ ಕೇವಲ ಸಡಿಲುವಿಕೆಯಲ್ಲ, ಅದರಲ್ಲಿ ಉದ್ಯುಕ್ತವಾದ ಮನೋವ್ಯಾಪಾರವೂ ಉಂಟೆಂಬುದು ಇದರಿಂದ ಹೊಳೆಯುತ್ತದೆ. ನಿರೀಕ್ಷೆಗೆ ವಿರುದ್ಧವಾದುದನ್ನೂ ಮುಚ್ಚಿಡದೆ ಪ್ರಕಟಿಸಿದ ಈ ಪ್ರಾಮಾಣಿಕತೆಯೇ ಅವರ ಇತರ ಫಲಿತಾಂಶಗಳನ್ನು ನಾವು ನಂಬುವುದಕ್ಕೆ ಆಧಾರ.

ರೋಗಿಗಳ ಮೇಲಣ ಪ್ರಯೋಗದಲ್ಲಿ ಬೆಂಗಳೂರಿನ ವಿವೇಕಾನಂದ ಕೇಂದ್ರದ ಯೋಗಚಿಕಿತ್ಸಾ ಸಂಶೋಧನೆಯು ಹೆಸರಾದುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯಂತ್ರಶಾಸ್ತ್ರವನ್ನು ಅಭ್ಯಾಸಮಾಡಿದ ಎಚ್. ಆರ್. ನಾಗೇಂದ್ರ ಮತ್ತು ವೈದ್ಯೆ ಆರ್. ನಾಗರತ್ನ ಇವರು ೧೯೮೫ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಉಬ್ಬಸದ ಬಗ್ಗೆ ಪ್ರಕಟಿಸಿದ ಲೇಖನವು ಜಗತ್ತಿನ ವೈದ್ಯರ ಗಮನವನ್ನು ಸೆಳೆಯಿತು. ಉಬ್ಬಸವಿದ್ದ ೫೩ ಜನರಿಗೆ ಎರಡು ವಾರಗಳ ಕಾಲ ಉಸಿರಾಟದ ವ್ಯಾಯಾಮ, ಸೂರ್ಯನಮಸ್ಕಾರ, ಆಸನ, ಪ್ರಾಣಾಯಾಮ, ಧ್ಯಾನ ಮತ್ತು ಭಜನೆಗಳನ್ನು ಕಲಿಸಿ, ದಿನವೂ ೬೫ ನಿಮಿಷ ಅಭ್ಯಾಸಮಾಡಲು ತಿಳಿಸಲಾಯಿತು. ವಯಸ್ಸು, ಲಿಂಗಭೇದ, ರೋಗದ ಬಗೆ ಹಾಗೂ ತೀವ್ರತೆಗಳಲ್ಲಿ ಇವರಿಗೆ ಸಮನಾದ ಇನ್ನೂ ೫೩ ಜನರು ತಮ್ಮ ಎಂದಿನ ಔಷಧವನ್ನು ಮಾತ್ರ ಮುಂದುವರಿಸಿದರು. ಯೋಗಾಭ್ಯಾಸಿಗಳಲ್ಲಿ ವಾರಕ್ಕೆ ಬರುವ ಉಬ್ಬಸದ ಸಂಖ್ಯೆ, ಬೇಕಾಗುವ ಔಷಧದ ಪ್ರಮಾಣ ಇವು ಹೆಚ್ಚಾಗಿ ತಗ್ಗಿದವು. ಉಸಿರನ್ನು ಹೊರಗೆಡಹುವ ಶಕ್ತಿ ಹೆಚ್ಚಿತು. ಬೇಸಗೆಯ ಧೂಳಿನಲ್ಲಿ ಬದುಕುವ, ದಂಡುಪ್ರದೇಶದ ವೆಲ್ಲೆಸ್ಲಿ ಕ್ಷಯರೋಗದ ಆಸ್ಪತ್ರೆಯನ್ನು ಕಂಡಿರುವ ಬಳ್ಳಾರಿಯ ಜನರಿಗೆ ಶ್ವಾಸದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಪ್ರಯೋಗದಲ್ಲಿ ಧ್ಯಾನವು ಹಲವು ಅಂಗಗಳಲ್ಲಿ ಒಂದು ಮಾತ್ರ. ಯಾವುದರಿಂದ ಎಷ್ಟು ಫಲವೆಂದು ಬಿಡಿಸಿ ಹೇಳಲಾಗದು. ಔಷಧದ ಅಗತ್ಯವು ಕ್ರಮೇಣ ತಗ್ಗಿತೇ ವಿನಾ ಔಷಧವನ್ನು ತ್ಯಜಿಸಿ ಯೋಗಕ್ಕೆ ಬನ್ನಿರೆಂದು ಅವರು ಯಾರಿಗೂ ಹೇಳಲಿಲ್ಲ.

ಇನ್ನೊಂದು ಉದಾಹರಣೆಯು ಮನೋರೋಗಕ್ಕೆ ಸಂಬಂಧಿಸಿದ್ದು. ನಿಮ್ಹಾನ್ಸ್‌ನ ಜಾನಕಿರಾಮಯ್ಯ, ಗಂಗಾಧರ ಮೊದಲಾದವರು ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯ ೪೫ ರೋಗಿಗಳನ್ನು ಹದಿನೈದು ಹದಿನೈದರ ಮೂರು ವರ್ಗಗಳಾಗಿ ವಿಂಗಡಿಸಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮೀನ್ ಎಂಬ ಔಷಧ, ಮೂರನೆಯದಕ್ಕೆ ಸುದರ್ಶನ ಕ್ರಿಯೆಯೆಂಬ ಲಯಬದ್ಧ ಉಸಿರಾಟ ಇವನ್ನು ನಾಲ್ಕು ವಾರಗಳ ಕಾಲ ನೀಡಲಾಯಿತು. ರೋಗಶಮನವಾದವರ ಪ್ರಮಾಣ ಕ್ರಮವಾಗಿ ಶೇಕಡ ೯೩, ೭೩ ಮತ್ತು ೬೭. ಉಸಿರಾಟದ ಕ್ರಿಯೆಯು ಔಷಧಕ್ಕೆ ಸರಿಸಮಾನವಾಯಿತೆಂದು ಸಂತೋಷಪಡುವವರು, ವಿದ್ಯುತ್ ಚಿಕಿತ್ಸೆಗೆ ಅದು ಸಾಟಿಯಾಗಲಿಲ್ಲವೆಂಬ ಉತ್ತರಾರ್ಧವನ್ನೂ ಓದಬೇಕು. ಇದು ತಜ್ಞವೈದ್ಯರ ಕಣ್ಗಾವಲಿನಲ್ಲಿ ನಡೆದ ಪ್ರಯೋಗವೆಂಬುದೂ ನೆನಪಿರಬೇಕು.

ಜಪ ಮತ್ತು ದೃಷ್ಟಿ

ಲಿಂಗಪೂಜೆಯ ಎರಡು ಮುಖ್ಯ ಅಂಗಗಳಾದ ಮಂತ್ರಜಪ ಮತ್ತು ದೃಷ್ಟಿಸ್ಥಿರತೆಗಳಿಗೆ ಸಮೀಪವಾದ ಸಾಧನೆಗಳೂ ಪ್ರಯೋಗಕ್ಕೆ ಒಳಗಾಗಿವೆ. ಟೆಲ್ಲಸ್, ನಾಗರತ್ನ, ನಾಗೇಂದ್ರ ಇವರು ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಹುಕಾಲದ ಅನುಭವವಿದ್ದ ಏಳು ಧ್ಯಾನಿಗಳು ಓಂಕಾರವನ್ನು ಮನಸ್ಸಿನಲ್ಲಿಯೇ ಜಪಿಸಿದಾಗ ಅವರ ಹೃದಯದ ಬಡಿತ ಇಳಿಯಿತು. ಇದೇ ಮೂವರು ೧೯೯೮ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ಓಂಕಾರದ ಮಾನಸಜಪವನ್ನು, ಒಂದು ಎಂಬ ಅರ್ಥದ ಇಂಗ್ಲಿಷಿನ ‘ವನ್’ ಎಂಬ ಶಬ್ದದ ಮಾನಸಜಪದೊಡನೆ ಹೋಲಿಸಿದರು. ಎರಡರಿಂದಲೂ ಉಸಿರು ಮತ್ತು ನಾಡಿಗಳು ನಿಧಾನಗೊಂಡವು. ಆದರೆ ಚರ್ಮದ ವಿದ್ಯುನ್ನಿರೋಧದಲ್ಲಿ ಬದಲಾವಣೆ ಕಂಡುಬಂದುದು ಓಂಕಾರದಲ್ಲಿ ಮಾತ್ರ. ಉಚ್ಚರಿಸುವ ಶಬ್ದದಲ್ಲಿ ಸಾಧಕನಿಗಿರುವ ಅರ್ಥಭಾವನೆಯೂ ದೇಹದ ಮೇಲೆ ತನ್ನ ಗುರುತನ್ನು ಮೂಡಿಸುವುದೆಂದು ಸಂಶೋಧಕರು ಊಹಿಸಿದರು. ೨೦೧೧ರಲ್ಲಿ ನಿಮ್ಹಾನ್ಸ್‌ನಲ್ಲಿ ಹನ್ನೆರಡು ಜನರ ಮಿದುಳನ್ನು ಕಾಂತೀಯ ಚಿತ್ರಣದಿಂದ ನೋಡಿದಾಗ, ಓಂಕಾರದ ಘೋಷದಲ್ಲಿ ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು. ಅಷ್ಟೇ ಹೊತ್ತು ‘ಸ್‌ಸ್‌ಸ್’ ಎಂದು ಸದ್ದುಮಾಡಿದಾಗ ಹಾಗಾಗಲಿಲ್ಲ.

ಇವೆಲ್ಲವೂ ಚಿಕ್ಕ ಪ್ರಯೋಗಗಳು. ದೊಡ್ಡ ಕಟ್ಟಡಕ್ಕೆ ಇಟ್ಟ ಒಂದೆರಡು ಇಟ್ಟಿಗೆಗಳು. ಆದರೂ ಪಂಚಾಕ್ಷರಿಯನ್ನು ಜಪಿಸುವವನಿಗೆ ಇಲ್ಲೊಂದು ಸೂಚನೆಯಿದೆ. ಉಸಿರಿನ ನಿಧಾನಗತಿ ಯಾವ ಶಬ್ದದಿಂದಲೂ ಲಭಿಸಬಹುದು. ಅದಕ್ಕೆ ಮಂತ್ರವೇ ಬೇಕೆಂದಿಲ್ಲ. ಮಂತ್ರವನ್ನು ಮಂತ್ರವನ್ನಾಗಿ ಮಾಡುವುದು ಭಾವ.

ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ತ್ರಾಟಕದ ಮೇಲೆಯೂ ಬೆಂಗಳೂರಿನಲ್ಲಿಯೇ ಕೆಲಸ ನಡೆದಿದೆ. ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ೬೦ ಮಂದಿ ವೃದ್ಧರನ್ನು ಎರಡು ವರ್ಗಗಳಾಗಿ ಮಾಡಿ, ಒಂದು ವರ್ಗಕ್ಕೆ ಸುಮಾರು ಒಂದು ತಿಂಗಳು ತ್ರಾಟಕವನ್ನು ಕ್ರಮವಾಗಿ ಅಭ್ಯಾಸಮಾಡಿಸಲಾಯಿತು. ಅಂಕಿಗಳನ್ನು ನೆನಪಿಡುವುದು, ಅಕ್ಷರಗಳ ನಡುವೆ ನಿರ್ದಿಷ್ಟ ಅಕ್ಷರವನ್ನು ಗುರುತಿಸುವುದು ಮುಂತಾದ ಪರೀಕ್ಷೆಗಳಲ್ಲಿ ಅಭ್ಯಾಸಿಗಳ ಅವಧಾನ ಉತ್ತಮಗೊಂಡಿತು. ಆದರೆ ತ್ರಾಟಕದಲ್ಲಿ ಸಾಮಾನ್ಯವಾಗಿ ನೋಡುವುದು ದೀಪದ ಕುಡಿಯನ್ನು. ಶಿವಯೋಗದಲ್ಲಿ ನೋಡುವುದು ಗುರುವು ಕರುಣಿಸಿದ ಲಿಂಗವನ್ನು. ಕಣ್ಣಿನ ಕೆಲಸ ಒಂದೇ ಇರಬಹುದು. ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೂ ಪ್ರಾಣಲಿಂಗದಿಂದ ಭಾವಲಿಂಗಕ್ಕೂ ಸಾಗುವ ಪಯಣವು ದೀಪದ ತ್ರಾಟಕದಲ್ಲಿ ಇಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳಿಗೆ ಯೋಗವನ್ನು ಕಲಿಸುವ ಏರ್ಪಾಡನ್ನು ಮಾಡಿದುದು ಕಣ್ಣಿನ ವ್ಯಾಯಾಮಕ್ಕಾಗಿ ಅಲ್ಲ, ಸಮಾಜಕ್ಕೆ ಸಾಧಕರನ್ನು ಕೊಡುವುದಕ್ಕಾಗಿ.

ಇಂದಿನ ತೀರ್ಪು

ಜಗತ್ತಿನಾದ್ಯಂತ ನಡೆದ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು ನೋಡುವ ಕಾರ್ಯವು ಅಮೆರಿಕದಲ್ಲಿ ನಡೆದು, ೨೦೧೪ರಲ್ಲಿ ಪ್ರಕಟವಾಯಿತು. ಒರೆಗಲ್ಲಿಗೆ ನಿಲ್ಲಬಲ್ಲ ೪೭ ಪ್ರಯೋಗಗಳು, ಅವುಗಳಲ್ಲಿ ಭಾಗವಹಿಸಿದ ೩,೫೧೫ ಜನರು ಇದರಲ್ಲಿ ಸೇರಿದ್ದರು. ಮೈಂಡ್‌ಫುಲ್‌ನೆಸ್ ಧ್ಯಾನದಿಂದ ಆತಂಕ, ಖಿನ್ನತೆ ಮತ್ತು ನೋವುಗಳು ಸಾಧಾರಣ ಪ್ರಮಾಣದಲ್ಲಿ ತಗ್ಗುವುವೆಂಬುದಕ್ಕೆ ಮಧ್ಯಮ ದರ್ಜೆಯ ಆಧಾರವಿದೆ. ನಿದ್ರೆ, ದೇಹತೂಕ ಮುಂತಾದವುಗಳ ಬಗ್ಗೆ ಆಧಾರ ಸಾಲದು. ಔಷಧ ಅಥವಾ ವ್ಯಾಯಾಮಗಳಿಗಿಂತ ಧ್ಯಾನವು ಮೇಲೆಂಬುದಕ್ಕೆ ಆಧಾರವಿಲ್ಲ. ಇದು ಅವರ ತೀರ್ಪಿನ ಸಾರ. ಅಮೆರಿಕದ ಹೃದ್ರೋಗ ಸಂಘವು ೨೦೧೭ರಲ್ಲಿ, ಧ್ಯಾನದಿಂದ ಹೃದ್ರೋಗದ ಅಪಾಯ ಕಡಮೆಯಾಗುವ ಸಾಧ್ಯತೆಯಿದ್ದರೂ ಅದು ಸಿದ್ಧಚಿಕಿತ್ಸೆಯ ಜೊತೆಗೆ ನಡೆಯಬೇಕಾದ ಸಹಾಯಕವೇ ಹೊರತು ಅದರ ಬದಲಿಯಲ್ಲವೆಂದು ಹೇಳಿತು. ೨೦೨೦ರಲ್ಲಿ ಹೊರಬಂದ ಮತ್ತೊಂದು ಸಮೀಕ್ಷೆಯಂತೆ ಧ್ಯಾನಾಭ್ಯಾಸಿಗಳಲ್ಲಿ ಶೇಕಡ ಎಂಟರಷ್ಟು ಜನರಿಗೆ ಆತಂಕವೇ ಮೊದಲಾದ ಅಹಿತಕರ ಅನುಭವಗಳು ಉಂಟಾದವು. ಸಾಧಕನ ಅಧಿಕಾರವನ್ನು ಅರಿತು ಉಪದೇಶಿಸಬೇಕೆಂಬ ನಮ್ಮ ದೀಕ್ಷಾಕ್ರಮದ ಎಚ್ಚರಿಕೆಯು ಇಲ್ಲಿ ಸಾರ್ಥಕವಾಗಿ ಕಾಣುತ್ತದೆ.

ಈ ತೀರ್ಪು ಕೆಲವರಿಗೆ ನಿರಾಸೆಯನ್ನು ತಂದೀತು. ನಮಗಾದರೋ ಇದು ಸಮಾಧಾನವನ್ನು ತಂದಿದೆ. ಒಂದು ಶತಮಾನದ ಪರೀಕ್ಷೆಯನ್ನು ಹಾದು ಬಂದ ಸಾಧಾರಣ ಸತ್ಯವು, ವೇದಿಕೆಯಿಂದ ತೂರಿಬಿಟ್ಟ ಅಸಾಧಾರಣ ಉತ್ಪ್ರೇಕ್ಷೆಗಿಂತ ಬೆಲೆಯುಳ್ಳದ್ದು. ಉತ್ಪ್ರೇಕ್ಷೆಯನ್ನು ನಂಬಿ ಪೂಜೆಗೆ ಕುಳಿತವನು ರಕ್ತದೊತ್ತಡ ಇಳಿಯದಿದ್ದರೆ ಲಿಂಗದ ಮೇಲಣ ನಂಬಿಕೆಯನ್ನೇ ಕಳೆದುಕೊಳ್ಳುವನು. ಔಷಧವನ್ನು ಬಿಟ್ಟರೆ ದೇಹವನ್ನೂ ಕಳೆದುಕೊಳ್ಳುವನು. ಆಗುವುದು ಎರಡು ನಷ್ಟ.

ಒಂದು ಕೌಲಿನ ಅವಶ್ಯಕತೆ

ಕೌಲು ಎಂಬ ಮಾತಿಗೆ ನಮ್ಮ ಹಳೆಯ ಕಡತಗಳಲ್ಲಿ ಒಪ್ಪಂದ, ಕರಾರು, ಅಭಯಪತ್ರ ಎಂಬ ಅರ್ಥಗಳಿವೆ. ಆ ಮಾತನ್ನು ಹೆಸರಿನಲ್ಲಿಯೇ ಇರಿಸಿಕೊಂಡಿರುವ ಪೇಟೆ ಬಳ್ಳಾರಿಯ ದಂಡಿನ ಆಸರೆಯಲ್ಲಿ ಬೆಳೆಯಿತು. ಅದೇ ಊರಿನಲ್ಲಿ ೧೯೧೬ರಿಂದ ವೀರಶೈವ ವಿದ್ಯಾವರ್ಧಕ ಸಂಘವಿದೆ, ೧೯೬೧ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಕಾಲೇಜಿದೆ, ಸುತ್ತಲೂ ಮಠಗಳಿವೆ, ದಶಕಗಳಿಂದ ತಪ್ಪದೆ ಲಿಂಗಪೂಜೆಯನ್ನು ಮಾಡಿಕೊಂಡು ಬಂದ ಹಿರಿಯರಿದ್ದಾರೆ. ಮಠಕ್ಕೂ ಪ್ರಯೋಗಶಾಲೆಗೂ ನಡುವೆ ಒಂದು ಕೌಲು ಏರ್ಪಡಲು ಇದಕ್ಕಿಂತ ಯೋಗ್ಯವಾದ ಸ್ಥಳ ಅಪರೂಪ.

ಅದರ ಕರಾರುಗಳು ಸರಳವಾಗಿರಲಿ. ಮೊದಲನೆಯದು, ಇಷ್ಟಲಿಂಗದ ಸಾಧನೆಯನ್ನು ಪರೀಕ್ಷಿಸುವುದಾದರೆ ತುಲನಾವರ್ಗವಿಲ್ಲದೆ ಪರೀಕ್ಷಿಸಬಾರದು. ಎರಡನೆಯದು, ಪರೀಕ್ಷೆಗೆ ಮುನ್ನವೇ ಏನನ್ನು ಅಳೆಯುವೆವೆಂದು ಬರೆದಿಟ್ಟು, ಬಂದ ಫಲವು ನಮಗೆ ಒಪ್ಪಿಗೆಯಾಗಲಿ ಆಗದಿರಲಿ ಪ್ರಕಟಿಸಬೇಕು. ಮೂರನೆಯದು, ಯಾವ ರೋಗಿಯೂ ವೈದ್ಯರ ಅನುಮತಿಯಿಲ್ಲದೆ ಔಷಧವನ್ನು ತಗ್ಗಿಸಬಾರದು. ಇದನ್ನು ಪೂಜ್ಯರು ಪ್ರವಚನದಲ್ಲಿಯೇ ಹೇಳಬೇಕು, ಏಕೆಂದರೆ ವೈದ್ಯರ ಮಾತಿಗಿಂತ ಅವರ ಮಾತಿಗೆ ಭಕ್ತರಲ್ಲಿ ಹೆಚ್ಚು ಬೆಲೆ. ನಾಲ್ಕನೆಯದು, ಅಳೆಯಲಾಗುವುದು ನಾಡಿ, ಉಸಿರು, ಅವಧಾನ, ನಿದ್ರೆ ಇಂತಹವು ಮಾತ್ರ. ಲಿಂಗಾಂಗ ಸಾಮರಸ್ಯವನ್ನು ಅಳೆದೆವೆಂದು ವಿಜ್ಞಾನಿಯೂ ಹೇಳಬಾರದು, ಅಳೆಯಿಸಿದೆವೆಂದು ಮಠವೂ ಹೇಳಿಕೊಳ್ಳಬಾರದು.

ಕುರುಗೋಡಿನ ದೊಡ್ಡಬಸವೇಶ್ವರನ ಏಕಶಿಲೆಯ ವಿಗ್ರಹದ ಮುಂದೆ ನಿಂತವರಾರೂ ಅದರ ತೂಕವನ್ನು ಕೇಳಿ ಕೈಮುಗಿಯುವುದಿಲ್ಲ. ಹಾಗೆಂದು ಶಿಲ್ಪಶಾಸ್ತ್ರದ ವಿದ್ಯಾರ್ಥಿಯು ಅಳತೆಪಟ್ಟಿಯನ್ನು ತಂದರೆ ಅದು ಅಪಚಾರವೂ ಅಲ್ಲ. ಬೆಳಗಿನ ಪೂಜೆಯಿಂದ ಉಸಿರು ಹಗುರಾಗಿ ಮನಸ್ಸು ತಿಳಿಯಾದರೆ ಅದನ್ನು ಪ್ರಸಾದವೆಂದು ಸ್ವೀಕರಿಸೋಣ. ಪೂಜೆ ಮುಗಿಸಿ ಎದ್ದಮೇಲೆ, ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಮರೆಯದೆ ನುಂಗೋಣ.